ತೆನ್ಶೊನ್ ಕಡಿಮೆ ಅಂದರೆ ಬೇಡವಾದೆ ಅಂತಲ್ಲ

ಚಿ. ಪುಟ್ಟಿಗೆ ಮಾವನ ಆಶೀರ್ವಾದಗಳು.

ಕಾಗದ ಪೂರ್ತಿ ಓದಿದೆ, ಮನಸ್ಸು ಮಾತ್ರ ಒಂದೇ ಸಾಲಿನಲ್ಲಿ ಸಿಕ್ಕಿಹಾಕಿಕೊಂಡಿದೆ. ಜಪಾನಿನ ಆಫೀಸಿನಲ್ಲಿ ‘ತೆನ್ಶೊನ್ ಹಿಕುಯಿ ನೇ’ (ನಿನ್ನ ಟೆನ್ಷನ್ ಕಡಿಮೆ ಇದೆ) ಅಂದರು, ನಾನು ಇವರಿಗೆ ಬೇಡವಾದೆನೇನೋ ಅಂತ ಬರೆದಿದ್ದೀಯ. ರಾತ್ರಿ ಎರಡು ಸಲ ಎದ್ದು ಅದನ್ನೇ ಓದಿದೆ.

ನಮ್ಮಲ್ಲಿ ಟೆನ್ಷನ್ ಕಡಿಮೆಯಿದ್ದರೆ ಪುಣ್ಯವಂತರು. ಜಪಾನಿನವರು ಇಂಗ್ಲಿಷಿನ ಅದೇ ಪದ ತಗೊಂಡು ಹುರುಪು, ಉಲ್ಲಾಸ ಅನ್ನೋ ಅರ್ಥಕ್ಕೆ ಬಳಸ್ತಾರೆ. ‘ತೆನ್ಶೊನ್ ಅಗರು’ ಅಂದರೆ ಮನಸ್ಸು ಗರಿಗೆದರೋದು. ಹೈಟೆನ್ಷನ್ ಅಂದರೆ ನಮಗೆ ಗದ್ದೆ ಮೇಲೆ ಹಾದುಹೋಗೋ ಕರೆಂಟು ಲೈನು. ಅವರಿಗೆ ಖುಷಿಯಲ್ಲಿ ಕುಣಿಯೋ ಮಗು. ತಡರಾತ್ರಿ ಎದ್ದು ಕೂತಾಗ ಸುಮ್ಮಸುಮ್ಮನೆ ನಗು ಉಕ್ಕುತ್ತಲ್ಲ, ಅದು ‘ಶಿನ್ಯಾ ತೆನ್ಶೊನ್’. ರ‍್ಯಾಕೆಟ್ಟಿನ ದಾರದ ಬಿಗಿಗೆ ಮಾತ್ರ ಅಲ್ಲೂ ಹಳೇ ಅರ್ಥವೇ ಉಳಿದಿದೆ. ನಿನಗೆ ‘ಯಾಕೋ ಮಂಕಾಗಿದ್ದೀಯಲ್ಲ’ ಅಂದಿದ್ದಾರೆ. ಬೇಡ ಅಂದಿಲ್ಲ ಮಗಾ.

ನಾನು ಅಲ್ಲಿಗೆ ಹೋಗಿಬಂದ ಕಥೆಯೆಲ್ಲ ನಿಮ್ಮಮ್ಮ ಹೇಳಿರ್ತಾಳೆ. ಇದೊಂದನ್ನು ಅವಳಿಗೂ ಹೇಳಿಲ್ಲ. 1999ರಲ್ಲಿ ನಾಗೋಯಾ ಹತ್ತಿರ ತರಬೇತಿಯಲ್ಲಿದ್ದಾಗ ಜೊತೆಗೆ ಕೆಲಸ ಮಾಡ್ತಿದ್ದ ಹುಡುಗನೊಬ್ಬ ನನಗೂ ಇದೇ ಮಾತು ಹೇಳಿದ್ದ. ಶಾಂತ ಸ್ವಭಾವ ಅಂತ ಮೆಚ್ಚಿಕೊಂಡ ಅಂದುಕೊಂಡು ‘ಅರಿಗಾತೋ’, ಥ್ಯಾಂಕ್ಸ್, ಅಂದೆ. ಅವನು ಸ್ವಲ್ಪ ಹೊತ್ತು ನಿಂತೇ ಇದ್ದ, ಆಮೇಲೆ ಹೋದ. ಸಂಜೆ ಹೊತ್ತು ಹೊರಗೆ ಕರೀತಿದ್ದ, ನಾನು ರೂಮಿನಲ್ಲಿ ಅನ್ನ ಸಾರು ಮಾಡ್ಕೊಂಡು ಕೂರ್ತಿದ್ದೆ. ಕರೆಯೋದೂ ನಿಂತಿತು. ಆ ಮಾತಿನ ಅರ್ಥ ತಿಳಿದಿದ್ದು ಊರಿಗೆ ಹೊರಡೋ ವಾರ. ಹೋಗಿ ಮಾತಾಡಿಸಬಹುದಿತ್ತು. ಮಾತಾಡಿಸಲಿಲ್ಲ. ಇಪ್ಪತ್ತೈದು ವರ್ಷ ದಾಟಿದರೂ ಅವನು ನಿಂತಿದ್ದ ರೀತಿ ಕಣ್ಣಿಗೆ ಕಟ್ಟಿದ ಹಾಗಿದೆ.

ನಿನಗೆ ಹೇಳಿಕೊಡುವಷ್ಟು ಜಪಾನಿ ಭಾಷೆ ಈಗ ನನ್ನಲ್ಲಿ ಉಳಿದಿಲ್ಲ. ಆದರೂ, ನಮ್ಮ ಅರ್ಥದ ಟೆನ್ಷನ್ ಆದಾಗ ‘ಕಿಂಚೋ ಶಿತೆಮಸ್’ ಅನ್ನು. ‘ತೆನ್ಶೊನ್ ತಕಾಯಿ’ ಅಂದರೆ ಕುಣಿಯೋ ಹಾಗೆ ಖುಷಿಯಾಗಿದ್ದೀಯ ಅಂತ ತಿಳೀತಾರೆ. ದೊಡ್ಡವರ ಮುಂದೆ ಈ ಪದ ಬೇಡ, ಸಲಿಗೆಯ ಮಾತು ಅದು. ಅದಕ್ಕೇ ನನಗನ್ನಿಸೋದು, ಬೇಡವಾದವಳ ಹತ್ತಿರ ಅಷ್ಟು ಸಲಿಗೆಯಲ್ಲಿ ಯಾಕೆ ಮಾತಾಡ್ತಾರೆ? ನಿನ್ನ ಮುಖ ನೋಡಿದ್ದಕ್ಕೇ ಅಲ್ಲವಾ ಕೇಳಿದ್ದು? ಒಂದು ದಿನ ಅವರ ಜೊತೆ ಊಟಕ್ಕೆ ಹೋಗು. ಆಗದಿದ್ದರೆ ಬಿಡು, ಬಲವಂತವಿಲ್ಲ.

ಆ ಮಾತು ಹೇಳಿದ್ದು ಯಾರು, ಕೆಲಸದ ನಡುವೆಯೋ ಊಟದ ಹೊತ್ತಲ್ಲೋ, ಬರಿ. ಹೇಳಿದ ಮೇಲೆ ನಿನ್ನ ಉತ್ತರಕ್ಕೆ ಕಾದು ನಿಂತಿದ್ದರಾ ಅನ್ನೋದನ್ನೂ ಬರಿ.

ನಿನ್ನ ಮಾವ