ಮುಂಗಡದ ಹಣದಲ್ಲಿ ಬೋಟು ಕೊಳ್ಳಲು ಹೊರಟ ಮಗನಿಗೆ

ಚಿರಂಜೀವಿ ಮಗನಿಗೆ ನಿನ್ನ ದೊಡ್ಡಪ್ಪನು ಮಾಡುವ ಆಶೀರ್ವಾದಗಳು.

ನಿನ್ನ ಪತ್ರ ಕೈಸೇರಿತು. ಐದು ವರ್ಷ ಬೇರೆಯವರ ಬೋಟಿನಲ್ಲಿ ದುಡಿದ ಮೇಲೆ ಈಗ ಸ್ವಂತ ಬೋಟು ಮಾಡುವ ಮನಸ್ಸಾಗಿದೆಯೆಂದೂ, ಅದಕ್ಕೆ ಬೇಕಾದ ಹಣದಲ್ಲಿ ಅರ್ಧವನ್ನು ಒಬ್ಬ ಮೀನು ವ್ಯಾಪಾರಿ ಬಡ್ಡಿಯಿಲ್ಲದೆ ಮುಂಗಡವಾಗಿ ಕೊಡಲು ಒಪ್ಪಿದ್ದಾನೆಂದೂ, ಹಿಡಿದ ಮೀನನ್ನೆಲ್ಲ ಅವನಿಗೇ ಕೊಡಬೇಕೆಂಬುದೊಂದೇ ಅವನ ಷರತ್ತೆಂದೂ ಬರೆದಿದ್ದೀಯೆ. ಈ ಕಸುಬಿನಲ್ಲಿ ನಿನಗಿರುವ ಶ್ರದ್ಧೆಯನ್ನು ನಾನು ಬಲ್ಲೆ, ಆದ್ದರಿಂದ ಬೋಟು ಕೊಳ್ಳಬೇಡವೆಂದು ಹೇಳುವವನಲ್ಲ. ಆದರೆ ಪತ್ರದ ಕಡೆಯ ಸಾಲಿನಲ್ಲಿ ನೀನು ಹಗುರವಾಗಿ ಬರೆದ ಆ ಷರತ್ತು ನನ್ನ ನಿದ್ದೆಯನ್ನು ಕೆಡಿಸಿದೆ.

ವ್ಯಾಪಾರಿಯು ಬಡ್ಡಿಯನ್ನು ಕಾಗದದ ಮೇಲೆ ಬರೆಯದಿದ್ದರೆ ಅದನ್ನು ಮೀನಿನ ದರದಲ್ಲಿ ಮುರಿದುಕೊಳ್ಳುತ್ತಾನೆಂದು ತಿಳಿ. ಬೋಟುಗಳು ಮೀನು ಇಳಿಸುವ ದಕ್ಕೆಯ ಹರಾಜಿನಲ್ಲಿ ನಾಲ್ಕು ಮಂದಿ ಕೂಗಿ ಏರಿಸುವ ದರವೇ ಬೇರೆ, ಮುಂಗಡ ಕೊಟ್ಟವನು ಒಬ್ಬನೇ ನಿಂತು ಹೇಳುವ ದರವೇ ಬೇರೆ. ಲೆಕ್ಕ ಹಾಕಿ ನೋಡು: ಮುಂಗಡದ ನಾಲ್ಕು ಪಟ್ಟು ಬೆಲೆಯ ಮೀನನ್ನು ಒಂದು ವರ್ಷದಲ್ಲಿ ಅವನಿಗೆ ಕೊಟ್ಟೆಯೆಂದುಕೊಂಡರೆ, ಅವನು ಹರಾಜಿನ ದರಕ್ಕಿಂತ ನೂರಕ್ಕೆ 10ರಷ್ಟೇ ಕಡಿಮೆ ಕೊಟ್ಟರೂ ಆ ಮುಂಗಡಕ್ಕೆ ನೀನು ವರ್ಷಕ್ಕೆ ನೂರಕ್ಕೆ 40ರಂತೆ ಬಡ್ಡಿ ತೆತ್ತಂತಾಯಿತು. ಇಷ್ಟಾದರೂ ಅಸಲು ಒಂದು ಬಿಡಿಗಾಸೂ ಕರಗದೆ ಹಾಗೆಯೇ ನಿಂತಿರುತ್ತದೆ, ಏಕೆಂದರೆ ಸಾಲ ತೀರುವುದು ಅವನಿಗೆ ಬೇಕಾಗಿಲ್ಲ, ಮೀನು ತಪ್ಪದೆ ಬರುತ್ತಿದ್ದರೆ ಸಾಕು. ವ್ಯಾಪಾರಿಗಳೆಲ್ಲ ಕೆಟ್ಟವರೆಂದು ನಾನು ಹೇಳುವುದಿಲ್ಲ. ಬೇರಾರೂ ಸಾಲ ಕೊಡದ ದಿನಗಳಲ್ಲಿ ಎಷ್ಟೋ ಮೀನುಗಾರರ ಮನೆಯ ಒಲೆ ಉರಿದದ್ದು ಅವರ ಮುಂಗಡದಿಂದಲೇ. ಆದರೂ ಯಾರಿಗೆ ಮಾರಬೇಕು, ಯಾವಾಗ ಹೊರಡಬೇಕು, ಯಾವ ದಿನ ಹೊರಡಬಾರದು ಎಂಬ ತೀರ್ಮಾನ ನಿನ್ನ ಕೈತಪ್ಪಿದ ಮೇಲೆ ಬೋಟಿನ ಮೇಲೆ ನಿನ್ನ ಹೆಸರಿದ್ದು ಏನು ಪ್ರಯೋಜನ?

ಇದನ್ನು ನಾನು ಕೇಳಿ ತಿಳಿದು ಹೇಳುತ್ತಿಲ್ಲ. ನಿನ್ನ ತಂದೆಗೂ ಪೂರ್ತಿ ಹೇಳಿರದ ಸಂಗತಿಯೊಂದಿದೆ. ನನ್ನ ಬೋಟಿನ ಎಂಜಿನ್ ಕೆಟ್ಟ ವರ್ಷ ಅದರ ದುರಸ್ತಿಗೆ ನಾನು ಇಂಥದೇ ಷರತ್ತಿನ ಮೇಲೆ ಹಣ ತೆಗೆದುಕೊಂಡಿದ್ದೆ. ಎರಡು ತಿಂಗಳು ಮೀನು ಸರಿಯಾಗಿ ಬೀಳಲಿಲ್ಲ. ಹಣ ಕೊಟ್ಟವನಿಂದ ದಿನಕ್ಕೊಂದು ಬಾರಿ ಮಾತು ಬರತೊಡಗಿತು. ಆ ವಾರ ಗಾಳಿ ಏಳುವ ಮುನ್ಸೂಚನೆಯಿದ್ದು ಉಳಿದವರೆಲ್ಲ ಬೋಟುಗಳನ್ನು ಕಟ್ಟಿಹಾಕಿದ್ದರು. ನಾನು ಹೊರಟೆ. ಬಲೆ ಎಳೆಯುವಾಗ ಬೋಟು ಮಗ್ಗುಲಿಗೆ ವಾಲಿ, ಬಲೆ ಎಳೆಯುವ ಯಂತ್ರವಾದ ವಿಂಚಿನ ಹಗ್ಗದಲ್ಲಿ ಹುಡುಗನೊಬ್ಬನ ಕೈ ಸಿಕ್ಕಿ ಎರಡು ಬೆರಳುಗಳು ಹೋದವು. ಅವನು ನನ್ನನ್ನು ಒಂದು ದಿನವೂ ದೂರಲಿಲ್ಲ, ಆದರೆ ತಪ್ಪು ನನ್ನದೇ ಆಗಿತ್ತು. ಕಡಲಿನ ಲಕ್ಷಣ ನನಗೆ ತಿಳಿಯದಿರಲಿಲ್ಲ. ಸಾಲದಲ್ಲಿ ಸಿಕ್ಕಿದ ತಾಂಡೇಲ, ಎಂದರೆ ಬೋಟು ನಡೆಸುವವನು, ತಿಳಿದೂ ಹೊರಡುತ್ತಾನೆ. ಕೆಲಸದ ಮೇಲಿರುವಾಗಲೇ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 24,000 ಮೀನುಗಾರರು ಸಾಯುತ್ತಾರೆಂದು ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯು 1999ರಲ್ಲಿ ಅಂದಾಜು ಮಾಡಿತ್ತು. ಆ ಸಂಖ್ಯೆಯನ್ನು ಓದಿದಾಗ, ಅವರಲ್ಲಿ ಎಷ್ಟು ಮಂದಿ ನನ್ನಂತೆ ತಿಳಿದೂ ಹೊರಟವರಿರಬಹುದೆಂದು ಯೋಚಿಸುತ್ತ ಬಹಳ ಹೊತ್ತು ಕುಳಿತಿದ್ದೆ.

ಅದೇ ಸಂಘಟನೆಯು 2007ರಲ್ಲಿ ಅಂಗೀಕರಿಸಿದ ಮೀನುಗಾರಿಕೆ ಕೆಲಸದ ಒಪ್ಪಂದವು, ಪ್ರತಿ ಕೆಲಸಗಾರನೊಡನೆ ಲಿಖಿತ ಕರಾರಿರಬೇಕೆಂದೂ, ಮೂರು ದಿನಕ್ಕಿಂತ ಹೆಚ್ಚು ಕಡಲಿನಲ್ಲಿರುವ ನೌಕೆಗಳಲ್ಲಿ 24 ಗಂಟೆಗೆ ಕನಿಷ್ಠ 10 ಗಂಟೆ ವಿಶ್ರಾಂತಿ ಸಿಗಬೇಕೆಂದೂ ಹೇಳುತ್ತದೆ. ನೀನು ಮಾಲೀಕನಾಗುವವನು, ಆದ್ದರಿಂದ ಇದನ್ನು ನಿನ್ನ ಮಂದಿಯ ಹಕ್ಕೆಂದೇ ತಿಳಿ. ಪಾಲಿನ ಲೆಕ್ಕವನ್ನೂ ಮೊದಲೇ ಬರೆದಿಡು. ಮಾರಿ ಬಂದ ಹಣದಲ್ಲಿ ಡೀಸೆಲ್, ಐಸು, ಊಟದ ಸಾಮಾನಿನ ಖರ್ಚನ್ನು ಮೊದಲು ಕಳೆದು, ಉಳಿದದ್ದನ್ನು ಬೋಟಿಗೂ ಕೆಲಸಗಾರರಿಗೂ ಹಂಚುವ ಪದ್ಧತಿಯಲ್ಲಿ ನೀನು ನಿನ್ನ ಸಾಲಕ್ಕಾಗಿ ಕಡಿಮೆ ದರಕ್ಕೆ ಮಾರಿದರೆ ಆ ನಷ್ಟದಲ್ಲಿ ಅವರ ಪಾಲೂ ಹೋಗುತ್ತದೆ. ಸಾಲ ನಿನ್ನದು, ಬಡ್ಡಿ ಕಟ್ಟುವವರಲ್ಲಿ ಅವರೂ ಒಬ್ಬರು. ಐದು ವರ್ಷ ಪಾಲಿಗೆ ದುಡಿದ ನಿನಗೆ ಇದರ ಅನ್ಯಾಯವನ್ನು ನಾನು ವಿವರಿಸಬೇಕಾಗಿಲ್ಲ.

ಇನ್ನು ಐಸಿನ ವಿಷಯ. ಹೆಚ್ಚು ಹಿಡಿಯುವುದೇ ಹೆಚ್ಚು ಸಂಪಾದನೆಯ ದಾರಿಯೆಂದು ನೀನು ಬರೆದಿದ್ದೀಯೆ. ನಾನು ನಲವತ್ತು ವರ್ಷದಲ್ಲಿ ಕಂಡದ್ದು ಹಾಗಲ್ಲ. ಮೀನು ಬೋಟಿನ ಮೇಲೆ ಬಿದ್ದ ಕ್ಷಣದಿಂದ ಅದರ ಬೆಲೆ ಇಳಿಯತೊಡಗುತ್ತದೆ, ಆ ಇಳಿಕೆಯನ್ನು ತಡೆಯುವುದು ಶೂನ್ಯ ಡಿಗ್ರಿ ಸೆಲ್ಸಿಯಸ್‌ನ ಹತ್ತಿರದ ತಂಪು ಮಾತ್ರ. ಸೆಕೆಯ ಹವೆಯಲ್ಲಿ ಒಂದು ಕಿಲೋ ಮೀನಿಗೆ ಒಂದು ಕಿಲೋ ಐಸು ಬೇಕೇ ಬೇಕು. ದೊಡ್ಡ ಗಡ್ಡೆಗಳನ್ನು ಹಾಗೆಯೇ ಎಸೆದರೆ ಮೀನಿಗೆ ತಾಗುವುದು ಕಡಿಮೆ, ಮೈಯೂ ಜಜ್ಜಿಹೋಗುತ್ತದೆ. ಚೆನ್ನಾಗಿ ಪುಡಿಮಾಡಿ ಕೆಳಗೊಂದು ಪದರ, ಮೀನಿನ ನಡುವೆ ಪದರಗಳು, ಮೇಲೆ ದಪ್ಪನೆಯ ಹೊದಿಕೆ ಹಾಕಿ, ಕರಗಿದ ನೀರು ಹರಿದುಹೋಗಲು ದಾರಿ ಬಿಡಬೇಕು. ಐಸು ಕರಗುವಾಗಲೇ ಮೀನಿನ ಶಾಖವನ್ನು ಹೀರುತ್ತದೆ, ಆದ್ದರಿಂದ ಕರಗಿತೆಂದು ಮರುಗಬೇಡ, ಕರಗಿದಷ್ಟನ್ನು ಮತ್ತೆ ತುಂಬು. ಬಂಗುಡೆ, ಟ್ಯೂನಾ ಜಾತಿಯ ಮೀನುಗಳನ್ನಂತೂ ಬಿಸಿಲಿಗೆ ಬಿಡಲೇಬಾರದು. ಅವುಗಳಲ್ಲಿ ಹಿಸ್ಟಮಿನ್ ಎಂಬ ವಸ್ತು ಒಮ್ಮೆ ಹುಟ್ಟಿಕೊಂಡರೆ ಬೇಯಿಸಿದರೂ ಹೋಗುವುದಿಲ್ಲ, ತಿಂದವರ ಮುಖ ಕೆಂಪೇರಿ ತಲೆನೋವು, ವಾಂತಿ ಬರುತ್ತದೆ. ಆದರೆ ಇಷ್ಟೆಲ್ಲ ಜೋಪಾನ ಮಾಡಿ ತಂದ ಮೀನಿಗೂ ಸೊರಗಿದ ಮೀನಿಗೂ ಒಂದೇ ದರ ಹೇಳುವ ಒಬ್ಬನೇ ಗಿರಾಕಿಯಿದ್ದರೆ, ಎರಡನೆಯ ವರ್ಷಕ್ಕೆ ನಿನ್ನ ಕೈಯೂ ಅಸಡ್ಡೆ ಕಲಿಯುತ್ತದೆ. ನನ್ನ ಕೈ ಕಲಿತಿತ್ತು.

ಡೀಸೆಲ್ ಬಗ್ಗೆ ಒಂದೇ ಮಾತು. ಹೋಗುವಾಗ ಬರುವಾಗ ವೇಗವನ್ನು ಹತ್ತರಲ್ಲಿ ಒಂದು ಪಾಲು ತಗ್ಗಿಸಿದರೆ ಅದೇ ದೂರಕ್ಕೆ ಸುಮಾರು ಐದರಲ್ಲಿ ಒಂದು ಪಾಲು ಎಣ್ಣೆ ಉಳಿಯುತ್ತದೆ, ಬೋಟಿನ ತಳಕ್ಕೆ ಅಂಟಿದ ಚಿಪ್ಪು ಪಾಚಿಗಳನ್ನು ಕಾಲಕಾಲಕ್ಕೆ ಕೆರೆದರೆ ಇನ್ನಷ್ಟು.

ಬಲೆಯ ಕಣ್ಣಿನ, ಎಂದರೆ ಅದರ ತೂತಿನ ಅಳತೆಯ, ವಿಷಯದಲ್ಲಿ ನೀನು ಸಣ್ಣ ಕಣ್ಣಿನ ಬಲೆಗೆ ಮನಸ್ಸು ಮಾಡಿರುವುದು ನನಗೆ ನೋವು ತಂದಿದೆ. ಕಂತು ಬೇಗ ತೀರಿಸುವ ಆತುರದಿಂದ ಹಾಗೆ ಬರೆದೆಯೆಂದು ನಂಬಿದ್ದೇನೆ. ಪೆರು ದೇಶದಲ್ಲಿ 1970ರಲ್ಲಿ 1.2 ಕೋಟಿ ಟನ್ನಿಗೂ ಹೆಚ್ಚು ಆಂಚೊವೆಟಾ ಎಂಬ ಸಣ್ಣ ಮೀನು ಹಿಡಿದಿದ್ದರು. ಅತಿಯಾದ ಹಿಡಿತದ ಮೇಲೆ 1972ರ ಎಲ್ ನಿನೊ ಕಾಲದಲ್ಲಿ ನೀರು ಬಿಸಿಯಾದಾಗ ಆ ಸಂಪತ್ತು ಕುಸಿದುಬಿತ್ತು. ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ನಲ್ಲಿ ಕಾಡ್ ಮೀನು ಎಂದಿಗೂ ಮುಗಿಯದೆಂದು ನಂಬಿದ್ದರು. 1992ರಲ್ಲಿ ಸರ್ಕಾರವು ಅದನ್ನು ಹಿಡಿಯುವುದನ್ನೇ ನಿಲ್ಲಿಸಬೇಕಾಗಿ ಬಂದು ಸುಮಾರು 30,000 ಮಂದಿಯ ಕೆಲಸ ಹೋಯಿತು. ಅಲ್ಲಿ ದಡದ ಬಳಿ ಸಣ್ಣ ದೋಣಿಗಳಲ್ಲಿ ಹೋಗುತ್ತಿದ್ದವರು, ಮೀನು ಕಡಿಮೆಯಾಗುತ್ತಿದೆ, ಗಾತ್ರ ಕಿರಿದಾಗುತ್ತಿದೆ ಎಂದು ಅದಕ್ಕೆ ವರ್ಷಗಳ ಮೊದಲೇ ಹೇಳುತ್ತಿದ್ದರು. ಆದ್ದರಿಂದ ನಿನ್ನ ಬುಟ್ಟಿಯಲ್ಲಿನ ಮೀನಿನ ಉದ್ದವನ್ನು ಗಮನಿಸುವ ಅಭ್ಯಾಸ ಇಟ್ಟುಕೋ. ಒಂದು ದೊಡ್ಡ ತಾಯಿಮೀನು ಇಡುವಷ್ಟು ಮೊಟ್ಟೆಗಳನ್ನು ಅದೇ ತೂಕದ ಹಲವು ಚಿಕ್ಕ ಮೀನುಗಳು ಸೇರಿದರೂ ಎಷ್ಟೋ ಜಾತಿಗಳಲ್ಲಿ ಇಡಲಾರವು. ಇನ್ನು ಒಮ್ಮೆಯೂ ಮೊಟ್ಟೆಯಿಡದ ಮರಿಯನ್ನು ಸಣ್ಣ ಕಣ್ಣಿನ ಬಲೆಯಲ್ಲಿ ಬಾಚಿ ತಂದರೆ ಅದಕ್ಕೆ ಸಿಗುವುದು ಗೊಬ್ಬರದ ದರ.

ಹಾಗಾದರೆ ಏನು ಮಾಡಬೇಕೆಂದು ಕೇಳುತ್ತೀಯೆ. ನೀನು ನೋಡಿಟ್ಟಿರುವ ಬೋಟಿಗಿಂತ ಚಿಕ್ಕದನ್ನು ನೋಡು, ಎಂಜಿನ್ ಹಳೆಯದಾದರೂ ಚಿಂತೆಯಿಲ್ಲ, ಒಬ್ಬ ಒಳ್ಳೆಯ ಮೆಕ್ಯಾನಿಕ್ ಬಿಚ್ಚಿ ನೋಡಿ ಹೇಳಿರಬೇಕು ಅಷ್ಟೆ. ಉಳಿದ ಹಣವನ್ನು ಬ್ಯಾಂಕಿನಲ್ಲೋ ಮೀನುಗಾರರ ಸಹಕಾರ ಸಂಘದಲ್ಲೋ ಪಡೆ. ಅಲ್ಲಿ ಬಡ್ಡಿ ಕಣ್ಣಿಗೆ ಕಾಣುತ್ತದೆ, ಕಾಗದಪತ್ರಕ್ಕೆ ಅಲೆದಾಟವಾದರೂ ಅಸಲು ಕರಗುತ್ತದೆ. ಮೀನುಗಾರಿಕೆ ನಿಲ್ಲುವ ತಿಂಗಳುಗಳಿಗೆ ಮನೆ ನಡೆಯುವಷ್ಟನ್ನು ಮೊದಲ ವರ್ಷದಿಂದಲೇ ಬೇರೆ ತೆಗೆದಿಡು, ಏಕೆಂದರೆ ಮುಂಗಡಕ್ಕೆ ಕೈಚಾಚುವ ಗಳಿಗೆ ಸಾಮಾನ್ಯವಾಗಿ ಬರುವುದು ಆ ತಿಂಗಳುಗಳಲ್ಲಿ. ಅನಿವಾರ್ಯವಾಗಿ ವ್ಯಾಪಾರಿಯ ಹಣವನ್ನೇ ತೆಗೆದುಕೊಳ್ಳುವುದಾದರೆ, ಆ ದಿನದ ಹರಾಜಿನ ದರವೇ ನಿನ್ನ ದರವೆಂದೂ, ಪ್ರತಿ ಮಾರಾಟದಲ್ಲಿ ಇಂತಿಷ್ಟು ಅಸಲಿಗೆ ಜಮೆಯಾಗತಕ್ಕದ್ದೆಂದೂ, ಹಣ ತೀರಿದ ದಿನ ಷರತ್ತೂ ತೀರಿತೆಂದೂ ಬರೆಸಿಕೋ.

ಕರಾರಿಗೆ ಈ ತಿಂಗಳ ಕೊನೆಯಲ್ಲಿ ಸಹಿ ಹಾಕುವುದಾಗಿ ಬರೆದಿದ್ದೀಯೆ. ಅದರ ಒಂದು ಪ್ರತಿಯನ್ನು ನನಗೆ ಮೊದಲು ಕಳುಹಿಸು; ಕಣ್ಣು ಮಂಜಾಗಿದ್ದರೂ ಅಂಥ ಕಾಗದವನ್ನು ಓದಲು ನನಗೆ ಕಷ್ಟವಾಗದು. ನನ್ನ ಉಳಿತಾಯದಲ್ಲಿ ಸ್ವಲ್ಪ ಹಣವಿದೆ, ಅದು ಸಾಲದಿದ್ದರೂ ನೀನು ಬೇಡಬೇಕಾದ ಮುಂಗಡ ಅಷ್ಟರಮಟ್ಟಿಗೆ ಕಡಿಮೆಯಾದೀತು.

ಇಂತಿ ಆಶೀರ್ವಾದಗಳೊಂದಿಗೆ,
ನಿನ್ನ ದೊಡ್ಡಪ್ಪ