ಫುಲ್ ಸರ್ವೀಸ್‌ಗೆ ಕೊಟ್ಟ ಸೈಕಲ್ ಬಗ್ಗೆ ದೂರು

ಗೆ,
ವ್ಯವಸ್ಥಾಪಕರು,
ಸೈಕಲ್ ಮಾರಾಟ ಮತ್ತು ಸರ್ವೀಸ್ ಮಳಿಗೆ,
ಮೈಸೂರು

ವಿಷಯ: 1,200 ರೂಪಾಯಿ ಪಡೆದು ಸರ್ವೀಸ್ ಸರಿಯಾಗಿ ಮಾಡದೆ, ಟೈರ್ ಹಾಳಾದ ಬಗ್ಗೆ

ಮಾನ್ಯರೇ,

ನಾನು ಕುವೆಂಪುನಗರದಲ್ಲಿ ಇರುವವಳು. ಕೆಲಸ ಮಾನಸಗಂಗೋತ್ರಿ ಕಡೆ. ಆರು ವರ್ಷದಿಂದ ಸೈಕಲ್ಲಿನಲ್ಲೇ ಹೋಗಿ ಬರುತ್ತೇನೆ. ಮಳೆಗಾಲದ ಕೆಸರೆಲ್ಲ ತುಂಬಿಕೊಂಡಿತ್ತು, ಆಯುಧಪೂಜೆಗೆ ಮೊದಲು ಒಂದು ಓವರಾಯಿಲಿಂಗ್ ಮಾಡಿಸೋಣ ಅಂತ ನಿಮ್ಮಲ್ಲಿ ಬಿಟ್ಟೆ. ಚೈನು ಶುಚಿ, ಬ್ರೇಕ್ ಹೊಂದಿಸುವುದು, ಚಕ್ರದ ಬೆಂಡ್ ತೆಗೆಯುವುದು, ಬೇರಿಂಗ್‌ಗೆ ಹೊಸ ಗ್ರೀಸ್, ಇಷ್ಟೂ ಸೇರಿದೆ ಅಂತ ನಿಮ್ಮ ರಸೀದಿಯಲ್ಲೇ ಇದೆ. ಮೂರು ದಿನ ಬಿಟ್ಟು ಬಂದಾಗ ಸೈಕಲ್ ಫಳಫಳ ಹೊಳೆಯುತ್ತಿತ್ತು. ಖುಷಿಯಿಂದಲೇ ದುಡ್ಡು ಕೊಟ್ಟೆ.

ಹತ್ತು ದಿನ ಆಗಿರಬೇಕು, ಸಂಜೆ ಮನೆಗೆ ಬರುವಾಗ ಬಲ್ಲಾಳ್ ಸರ್ಕಲ್ ಹತ್ತಿರ ಮುಂದಿನ ಟೈರ್ ಪಟ್ ಅಂತ ಒಡೆಯಿತು. ನಿಧಾನಕ್ಕೆ ಹೋಗುತ್ತಿದ್ದೆ, ಹಾಗಾಗಿ ಬೀಳಲಿಲ್ಲ. ಆದರೆ ನನ್ನ ಹಿಂದೆಯೇ ಸಿಟಿ ಬಸ್ ಬರುತ್ತಿತ್ತು. ಅದನ್ನು ನೆನೆದರೆ ಈಗಲೂ ಕೈ ತಣ್ಣಗಾಗುತ್ತದೆ.

ಪಂಚರ್ ಇರಬಹುದು ಅಂದುಕೊಂಡು ನಮ್ಮ ಬೀದಿಯ ಸೈಕಲ್ ಶಾಪಿಗೆ ತಳ್ಳಿಕೊಂಡು ಹೋದೆ. ಅಲ್ಲಿನ ಅಜ್ಜ ಚಕ್ರವನ್ನು ಒಂದು ಸುತ್ತು ತಿರುಗಿಸಿ, "ನೋಡಮ್ಮ ಇಲ್ಲಿ" ಅಂತ ತೋರಿಸಿದರು. ರಿಮ್ಮಿನ ಅಂಚಿನ ಮೇಲೆ ಟೈರಿನ ಪಕ್ಕ ಸುತ್ತಲೂ ಸವೆದು, ಒಳಗಿನ ದಾರ ಕಾಣುತ್ತಿತ್ತು. ನೀವು ಹಾಕಿದ ಹೊಸ ಬ್ರೇಕ್ ರಬ್ಬರ್ ರಿಮ್ಮಿಗಿಂತ ಮೇಲೆ ಕೂತಿತ್ತು. ನಾನು ಬ್ರೇಕ್ ಹಿಡಿದಾಗಲೆಲ್ಲ ಅದು ಟೈರನ್ನೇ ತಿನ್ನುತ್ತಿತ್ತು. ರಬ್ಬರ್ ಪೂರ್ತಿ ರಿಮ್ಮಿನ ಪಕ್ಕಕ್ಕೇ ತಾಗಬೇಕು. ಮೇಲೆ ಹೋದರೆ ಟೈರ್ ಹೋಗುತ್ತದೆ, ಕೆಳಗೆ ಇಳಿದರೆ ಕಡ್ಡಿಗಳ ಕಡೆ ಜಾರುತ್ತದೆ. ಅಜ್ಜ ಒಂದು ಅಲೆನ್ ಕೀ ಹಿಡಿದು ಎರಡು ನಿಮಿಷದಲ್ಲಿ ಸರಿ ಮಾಡಿದರು. ನಿಮ್ಮಲ್ಲಿ ಸೈಕಲ್ ಮೂರು ದಿನ ಇತ್ತು.

ಇನ್ನು ಸೀಟಿನ ವಿಷಯ. ಇದು ಚಿಕ್ಕದು ಅಂತ ದಯವಿಟ್ಟು ತಳ್ಳಿಹಾಕಬೇಡಿ. ನಾನು ಕೇಳದೇ ನಿಮ್ಮ ಹುಡುಗ ಸೀಟನ್ನು ಮೂರು ಬೆರಳಿನಷ್ಟು ಕೆಳಗೆ ಇಳಿಸಿದ್ದರು. ಯಾಕೆ ಅಂದರೆ, "ಮೇಡಂ, ಲೇಡೀಸ್‌ಗೆ ಎರಡೂ ಕಾಲು ನೆಲಕ್ಕೆ ಮುಟ್ಟಬೇಕು" ಅಂದರು. ಒಂದು ವಾರದಲ್ಲಿ ಎರಡೂ ಮೊಣಕಾಲಿನ ಚಿಪ್ಪಿನ ಮುಂದೆ ನೋವು ಶುರುವಾಯಿತು. ಫೋನ್ ಮಾಡಿ ಕೇಳಿದರೆ 450 ರೂಪಾಯಿಯ ಜೆಲ್ ಕವರ್ ತಗೊಳ್ಳಿ ಎಂಬ ಸಲಹೆ ಸಿಕ್ಕಿತು. ಮೊಣಕಾಲಿನ ನೋವಿಗೆ ಸೀಟಿನ ಮೆತ್ತೆ ಏನು ಮಾಡುತ್ತದೆ, ಹೇಳಿ? ಸೀಟು ತಗ್ಗಾದರೆ ಮೊಣಕಾಲು ಜಾಸ್ತಿ ಮಡಚಿಕೊಂಡೇ ತುಳಿಯಬೇಕು, ಎಲ್ಲ ಭಾರ ಚಿಪ್ಪಿನ ಮೇಲೆ ಬೀಳುತ್ತದೆ. ಎತ್ತರ ನೋಡುವುದು ತುಂಬ ಸುಲಭ. ಸೀಟಿನ ಮೇಲೆ ಕೂತು, ಪೆಡಲ್ ತೀರಾ ಕೆಳಗಿದ್ದಾಗ ಹಿಮ್ಮಡಿಯನ್ನು ಅದರ ಮೇಲೆ ಇಟ್ಟರೆ ಕಾಲು ನೇರ ಆಗಬೇಕು. ಆಮೇಲೆ ಮುಂಗಾಲಿನಿಂದ ತುಳಿದಾಗ ಮೊಣಕಾಲು ಸ್ವಲ್ಪವೇ ಮಡಚುತ್ತದೆ. ಹೆಂಗಸರಿಗೂ ಗಂಡಸರಿಗೂ ಇದೇ ಲೆಕ್ಕ. ನಿಲ್ಲಿಸುವಾಗ ಸೀಟಿನಿಂದ ಮುಂದಕ್ಕೆ ಇಳಿದು ಕಾಲೂರುತ್ತೇವೆ, ಕೂತಲ್ಲೇ ಊರಬೇಕಾಗಿಲ್ಲ. ನಾನೇ ಸೀಟನ್ನು ಮೊದಲಿನ ಎತ್ತರಕ್ಕೆ ಏರಿಸಿದೆ. ನಾಲ್ಕೈದು ದಿನದಲ್ಲಿ ನೋವು ಇಳಿಯಿತು.

ಚೈನನ್ನಂತೂ ನೀವು ತೊಳೆದೇ ಇಲ್ಲ. ಹಳೇ ಕೊಳೆಯ ಮೇಲೆಯೇ ದಪ್ಪಕ್ಕೆ ಗ್ರೀಸ್ ಬಳಿದಿದ್ದೀರಿ. ಗ್ರೀಸ್ ಬೇರಿಂಗ್ ಒಳಗೆ ಇರಬೇಕಾದದ್ದು. ಚೈನಿನ ಮೇಲೆ ಹಚ್ಚಿದರೆ ರಸ್ತೆಯ ಧೂಳೆಲ್ಲ ಅಂಟಿಕೊಂಡು ಮರಳು ಕಾಗದದ ಹಾಗೆ ಹಲ್ಲುಗಳನ್ನು ತೇಯುತ್ತದೆ. ನನ್ನ ಎರಡು ಚೂಡಿದಾರ್ ಪ್ಯಾಂಟಿಗೂ ಅದೇ ಕಪ್ಪು ಅಂಟಿದೆ. ಬಟ್ಟೆಯಿಂದ ಚೆನ್ನಾಗಿ ಒರೆಸಿ, ಒಂದೊಂದು ಕೊಂಡಿಗೆ ಒಂದೊಂದು ತೊಟ್ಟು ಎಣ್ಣೆ ಬಿಟ್ಟು, ಪೆಡಲ್ ಹಿಂದಕ್ಕೆ ತಿರುಗಿಸಿ, ಮೇಲಿನ ಎಣ್ಣೆ ಮತ್ತೆ ಒರೆಸಿದರೆ ಆಯಿತು, ಅಲ್ವಾ? ಗಾಳಿಯನ್ನೂ ಕಲ್ಲಿನಂತೆ ತುಂಬಿದ್ದಿರಿ. ಎಷ್ಟು ಹಿಡಿಸಬೇಕು ಅಂತ ಟೈರಿನ ಪಕ್ಕದಲ್ಲೇ ಅಚ್ಚು ಹಾಕಿರುತ್ತಾರೆ.

ಲಕ್ಷ ರೂಪಾಯಿಯ ಸೈಕಲ್ ತಂದವರನ್ನು ನೀವು ಕೂರಿಸಿ ಮಾತಾಡಿಸುವುದನ್ನು ನಾನೇ ನೋಡಿದ್ದೇನೆ. ನನ್ನದು ಹಳೇ ಸೈಕಲ್, ನಿಜ. ಆದರೆ ನನಗೆ ಅದು ಬಿಟ್ಟರೆ ಬೇರೆ ಗಾಡಿ ಇಲ್ಲ. ಹಾಲಿಗೆ, ತರಕಾರಿಗೆ, ಕೆಲಸಕ್ಕೆ ದಿನಾ ಅದರ ಮೇಲೆಯೇ ಹೋಗುವವರ ಬ್ರೇಕ್ ಇನ್ನೂ ಜಾಸ್ತಿ ಎಚ್ಚರದಿಂದ ನೋಡಬೇಕು.

ನನಗೆ ಬೇಕಾದದ್ದು ಇಷ್ಟು. ಹಾಳಾದ ಟೈರ್ ಮತ್ತು ಟ್ಯೂಬಿಗೆ ನಾನು ಕೊಟ್ಟ 680 ರೂಪಾಯಿ ವಾಪಸ್ ಕೊಡಿ. ಚೈನು ಮತ್ತು ಹಿಂದಿನ ಚಕ್ರದ ಬ್ರೇಕನ್ನು ದುಡ್ಡಿಲ್ಲದೆ, ನನ್ನ ಎದುರಿಗೇ ಮತ್ತೆ ಸರಿ ಮಾಡಿಕೊಡಿ. ಮುಂದೆ ಯಾರಿಗೇ ಸೈಕಲ್ ಕೊಡುವ ಮೊದಲು ಅವರನ್ನು ಸೀಟಿನ ಮೇಲೆ ಕೂರಿಸಿ ನೋಡಿ, ಕೇಳದೇ ಎತ್ತರ ಬದಲಾಯಿಸಬೇಡಿ ಅಂತ ನಿಮ್ಮ ಹುಡುಗರಿಗೆ ಹೇಳಿ. ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವರಿಗೆ ಯಾರೂ ಕಲಿಸಿಲ್ಲ, ಅಷ್ಟೆ. ದಯವಿಟ್ಟು ಅವರ ಸಂಬಳಕ್ಕೆ ಕೈ ಹಾಕಬೇಡಿ.

ಹದಿನೈದು ದಿನದಲ್ಲಿ ಉತ್ತರ ಬರದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡುತ್ತೇನೆ. ಅಲ್ಲಿಯವರೆಗೆ ಹೋಗುವ ಆಸೆ ನನಗಿಲ್ಲ. ರಸೀದಿಯ ಪ್ರತಿ ಮತ್ತು ಫೋಟೋಗಳನ್ನು ಈ ಪತ್ರದ ಜೊತೆ ಇಟ್ಟಿದ್ದೇನೆ. ಬರುವ ಶನಿವಾರ ಬೆಳಿಗ್ಗೆ ಸೈಕಲ್ ತರುತ್ತೇನೆ. ಸವೆದ ಟೈರನ್ನೂ ತರುತ್ತೇನೆ, ನೀವೇ ಕೈಯಲ್ಲಿ ಹಿಡಿದು ನೋಡಿ.

ಇಂತಿ,
ನಿಮ್ಮ ಗ್ರಾಹಕಿ