ಕಣ್ಣು ಮುಚ್ಚಿ ಕೇಳಿ, ಆಮೇಲೆ ಹೇಳಿ

ಮಾನ್ಯ ಸಂಪಾದಕರೇ,

ಕಳೆದ ವಾರ ಪುರವಣಿಯಲ್ಲಿ ಬಂದ ಆಡಿಯೋ ಸಿಸ್ಟಮ್ ಲೇಖನ ಓದಿದೆ. ಮೀಟರು ಗೀಟರು ಎಲ್ಲ ಬೇಡ, ಕಿವಿಯನ್ನೇ ನಂಬಿ ಅಂತ ಬರ್ದಿದ್ದಾರೆ. ಓದ್ಲಿಕ್ಕೆ ಚಂದ ಉಂಟು, ಆದ್ರೆ ಕಿವಿ ಒಂದೇ ಕೂತು ಕೇಳುದಿಲ್ಲ ಮಾರಾಯ್ರೆ, ಪಕ್ಕದಲ್ಲಿ ಕಣ್ಣು, ಅಂಗಡಿ ಬಿಲ್ಲು, ತಂದವರ ಮರ್ಯಾದೆ ಎಲ್ಲ ಕೂತಿರ್ತದೆ.

ನಮ್ಮನೆಯದ್ದೇ ಹೇಳ್ತೇನೆ. ಭಾವ ಗಲ್ಫಿಂದ ಬರುವಾಗ ದೊಡ್ಡ ಆಂಪ್ಲಿಫೈಯರ್ ತಂದ. ನನ್ನ ಹಳೇದರ ಪಕ್ಕ ಇಟ್ಟು ಯಕ್ಷಗಾನದ ಒಂದೇ ಭಾಗವತಿಕೆ (ಹಾಡುಗಾರಿಕೆ) ಎರಡರಲ್ಲೂ ಹಾಕಿದ್ವಿ, ಹೊಸದರಲ್ಲಿ ಪದ ಎಷ್ಟು ಸ್ಪಷ್ಟ, ಜಾಗಟೆ ಬೇರೆಯೇ ಕೇಳ್ತದೆ ಅಂತ ಎಲ್ರೂ ಅಂದ್ರು, ನಾನೂ ಅಂದೆ, ಸುಳ್ಳು ಯಾಕೆ. ರಾತ್ರಿ ಸಂಶಯ ಬಂದು ಏರಿಳಿತ ಇಲ್ಲದ 400 ಹರ್ಟ್ಸ್ ಟೋನ್ ಎರಡರಲ್ಲೂ ಹಾಕಿ ಸ್ಪೀಕರ್ ಟರ್ಮಿನಲ್ಲಿಗೆ ಮಲ್ಟಿಮೀಟರ್ ಹಿಡಿದ್ರೆ ಹೊಸದರಲ್ಲಿ ವೋಲ್ಟೇಜು ಸುಮಾರು 12 ಪರ್ಸೆಂಟ್ ಜಾಸ್ತಿ! ಅಂದ್ರೆ ಸೌಂಡಿನ ಲೆಕ್ಕದಲ್ಲಿ 1 ಡೆಸಿಬೆಲ್. ಇಷ್ಟಕ್ಕೆ ಯಾರೂ ಜೋರಾಯ್ತು ಅನ್ನುದಿಲ್ಲ, ಕ್ಲಿಯರ್ ಉಂಟು ಅಂತಾರೆ. ಸೌಂಡು ಇಳಿಸಿದಷ್ಟೂ ಕಿವಿಗೆ ಬೇಸು ಇನ್ನೂ ಜಾಸ್ತಿ ಇಳಿದ ಹಾಗೆ ಕೇಳ್ತದೆ ಅಂತ ಫ್ಲೆಚರ್, ಮನ್ಸನ್ ಅಂತ ಇಬ್ರು ವಿಜ್ಞಾನಿಗಳು 1933ರಲ್ಲೇ ಗ್ರಾಫ್ ಹಾಕಿ ತೋರಿಸಿದ್ದಾರೆ, ಹಾಗಾಗಿ ಸೌಂಡು ಸಮ ಮಾಡದೆ ಹೋಲಿಸ್ಲಿಕ್ಕೇ ಆಗುದಿಲ್ಲ. ಮರುದಿನ ವೋಲ್ಟೇಜು ಸಮ ಮಾಡಿ, ಯಾವುದು ಓಡ್ತಾ ಉಂಟು ಅಂತ ಕಾಣದ ಹಾಗೆ ಎದುರಿಗೆ ಪಂಚೆ ಕಟ್ಟಿ, 16 ಸಲ ಭಾವನಿಗೆ ಕೇಳಿಸಿ ಯಾವುದು ಹೇಳು ಅಂದೆ. ಸರಿಯಾದದ್ದು 7. ನಾಣ್ಯ ಹಾರಿಸಿದ್ರೂ ಅಷ್ಟು ಬರ್ತಿತ್ತು. ಸ್ಪೀಕರ್ ಬದಲಿಸಿದಾಗ ಮಾತ್ರ ಅಡಿಗೆಮನೆಯಿಂದ್ಲೇ ಅಕ್ಕ ಹೇಳಿದ್ಲು ಇದು ಬೇರೆ ಅಂತ. ಅದೇ ಸ್ಪೀಕರನ್ನ ಗೋಡೆ ಮೂಲೆಗೆ ದೂಡಿದ್ರೆ ಬೇಸು ಎದ್ದು ಗುಂಯ್ ಅಂತದೆ, ಅದು ಕಿವಿಗೂ ಗೊತ್ತಾಗ್ತದೆ, ಅಳೆದು ಗ್ರಾಫ್ ಹಾಕಿದ್ರೆ ಅದ್ರಲ್ಲೂ ಕಾಣ್ತದೆ.

ಹಾಗಂತ ಮೀಟರ್ ಹಿಡಿದವರೆಲ್ಲ ಸರಿ ಅಂತಲ್ಲ. ಕಳೆದ ಸೀಸನ್ನಲ್ಲಿ ಒಂದು ಬಯಲಾಟಕ್ಕೆ ಹೋಗಿದ್ದೆ, ಸೌಂಡು ವಿಪರೀತ ಅಂದದ್ದಕ್ಕೆ ಮೈಕಿನವ ಸೌಂಡು ಅಳೆಯುವ ಮೀಟರ್ ತೋರಿಸ್ತಾನೆ, ಲಿಮಿಟ್ ಒಳಗೇ ಉಂಟಲ್ಲ ಅಂತ. ಅದನ್ನ ‘ಸ್ಲೋ’ ಅನ್ನುವ ಸೆಟ್ಟಿಂಗಲ್ಲಿ ಇಟ್ಟಿದ್ದ, 1 ಸೆಕೆಂಡಿನ ಸರಾಸರಿ, ಚೆಂಡೆ ಪೆಟ್ಟು ಅದಕ್ಕೆ ಎಲ್ಲಿ ಸಿಗ್ತದೆ? ಎದುರು ಸಾಲಿನ ಅಜ್ಜ ಕಿವಿಗೆ ಹತ್ತಿ ತುರುಕಿ ಕೂತಿದ್ರು, ಆವತ್ತು ಅಜ್ಜನ ಕಿವಿಯೇ ಸರಿ.

ಯಕ್ಷಗಾನ ಕವಿ ಕುಂಬಳೆ ಪಾರ್ತಿಸುಬ್ಬನ ಸೀಮೆಯವರು ನಾವು, ಕಿವಿಯ ಬೆಲೆ ನಮ್ಗೆ ಯಾರೂ ಹೇಳಿಕೊಡ್ಬೇಕಾಗಿಲ್ಲ. ಮದ್ದಳೆಗಾರರು ಕಿವಿಯಲ್ಲೇ ಶ್ರುತಿ ಕೂರಿಸುದು, ಹೌದು, ಆದ್ರೆ ಎದುರಲ್ಲಿ ಶ್ರುತಿಪೆಟ್ಟಿಗೆಯ ಷಡ್ಜ ನಿಂತಿರ್ತದಲ್ಲ ಹೋಲಿಸ್ಲಿಕ್ಕೆ. ನಿಮ್ಮ ಲೇಖಕರು ಯಾವುದಕ್ಕೆ ಹೋಲಿಸಿದ್ದು, ಎರಡರ ಸೌಂಡು ಸಮ ಮಾಡಿದ್ರಾ, ಯಾವುದು ಓಡ್ತಾ ಉಂಟು ಅಂತ ಅವ್ರಿಗೆ ಮೊದಲೇ ಗೊತ್ತಿತ್ತಾ, ಇಷ್ಟು ಒಂದು ಬರೆಸಿ. ಭಾವನ ಆಂಪ್ಲಿಫೈಯರ್ ಈಗ್ಲೂ ನಮ್ಮಲ್ಲೇ ಉಂಟು, ಅವ್ರು ಈ ಕಡೆ ಬಂದ್ರೆ ಪಂಚೆ ನಾನೇ ಕಟ್ತೇನೆ.

– ಒಬ್ಬ ಓದುಗ, ಬದಿಯಡ್ಕ, ಕಾಸರಗೋಡು